ಮೊದಲು ಬೇರನ್ನು ನೋಡಿ: ಮೆಣಸಿನ ಸಸಿಯನ್ನು ಟ್ರೇಯಿಂದ ಕಪ್‌ಗೆ ಬದಲಿಸುವ ಬಗ್ಗೆ

ಮೆಣಸಿನಕಾಯಿಯ ಪುಟ್ಟ ಸಸಿಯೊಂದನ್ನು ಟ್ರೇಯಿಂದ ಎತ್ತಿ ಕಪ್‌ನಲ್ಲಿ ನೆಡಲು ಒಂದು ನಿಮಿಷವೂ ಬೇಕಾಗಿಲ್ಲ. ಆದರೆ ಆ ಗಿಡದ ಇಡೀ ಆಯುಷ್ಯದಲ್ಲಿ ಅದರ ಬೇರು ಗಾಳಿಗೆ ತೆರೆದುಕೊಂಡು ನಮ್ಮ ಕೈಯಲ್ಲಿ ಇರುವುದು ಹೆಚ್ಚುಕಡಿಮೆ ಆ ಒಂದು ನಿಮಿಷ ಮಾತ್ರ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಕಪ್ ಎಷ್ಟು ದೊಡ್ಡದಿರಬೇಕು, ಅದಕ್ಕೆ ತುಂಬುವ ಮಿಶ್ರಣ ಯಾವುದು, ಎಷ್ಟು ಆಳಕ್ಕೆ ನೆಡಬೇಕು, ದಿನಕ್ಕೆ ಎಷ್ಟು ನೀರು ಎಂದು ಎಲ್ಲರೂ ಕೇಳುತ್ತಾರೆ. ಇವಕ್ಕೆಲ್ಲ ಬೇರೆ ಬೇರೆ ಉತ್ತರ ಬರೆದುಕೊಂಡು ಹೋಗಬಹುದು. ಬರೆದುಕೊಂಡರೆ ಮುಂದಿನ ವರ್ಷ ಮಿಶ್ರಣ ಬದಲಾದಾಗ, ಹವಾಮಾನ ಬದಲಾದಾಗ ಆ ಉತ್ತರ ಕೈಕೊಡುತ್ತದೆ. ನಾನು ಹೇಳುವುದು ಇಷ್ಟೇ: ಪ್ರತಿ ಪ್ರಶ್ನೆಯನ್ನೂ ಬೇರಿನ ಕಡೆಯಿಂದ ಕೇಳಿ. ಬೇರಿಗೆ ನೀರು ಬೇಕು, ನೀರಿನಷ್ಟೇ ಗಾಳಿಯೂ ಬೇಕು. ಎಳೆ ಸಸಿಗಳು ಹೋಗುವುದು ಬಹುತೇಕ ನೀರು ಸಾಲದೆ ಅಲ್ಲ, ಬೇರಿಗೆ ಉಸಿರಾಡಲು ಆಗದೆ.

ಮನುಷ್ಯ ಕೃಷಿಗೆ ತಂದುಕೊಂಡ ಮೆಣಸಿನಕಾಯಿ ಜಾತಿಗಳು 5. ನಾವು ನೋಡುವ ಹೆಚ್ಚಿನವು, ದಪ್ಪ ಮೆಣಸಿನಕಾಯಿಯೂ ಸೇರಿ, ಕ್ಯಾಪ್ಸಿಕಂ ಆನ್ಯುಮ್ ಜಾತಿಯವು. ಹಬನೇರೊದಂಥ ಕಡುಖಾರದ ತಳಿಗಳು ಕ್ಯಾಪ್ಸಿಕಂ ಚೈನೆನ್ಸ್. ಇವುಗಳ ಬೀಜ ಮೊಳೆಯುವುದೇ ನಿಧಾನ, ಸಸಿ ಬೆಳೆಯುವುದೂ ನಿಧಾನ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಮಿಶ್ರಣದಲ್ಲಿ ಆನ್ಯುಮ್ ಒಂದೆರಡು ವಾರದಲ್ಲಿ ಮೇಲೆ ಬಂದರೆ ಚೈನೆನ್ಸ್‌ಗೆ ಮೂರ್ನಾಲ್ಕು ವಾರ ಹಿಡಿದರೂ ಆಶ್ಚರ್ಯವಿಲ್ಲ. ಹಾಗಾಗಿ ಸಸಿ ಬದಲಿಸುವ ಹೊತ್ತನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಮೊದಲು ಬಿಚ್ಚಿಕೊಳ್ಳುವ ಉದ್ದನೆಯ, ತುದಿ ಚೂಪಾದ ಎರಡು ಎಲೆಗಳು ಬೀಜದೆಲೆಗಳು. ಅವುಗಳ ನಡುವಿನಿಂದ ಬರುವ ಮೊದಲ ಜೋಡಿಯೇ ನಿಜವಾದ ಎಲೆ. ಆ ಜೋಡಿ ಚೆನ್ನಾಗಿ ಬಿಚ್ಚಿಕೊಂಡು ಎರಡನೆಯ ಜೋಡಿ ಕಣ್ಣಿಗೆ ಕಾಣಲು ಶುರುವಾದಾಗ ಬದಲಿಸಿದರೆ ಸರಿ.

ಅದಕ್ಕಿಂತ ಮೊದಲೇ ಎತ್ತಿದರೆ ಬೇರು ಒಂದೆಳೆ ದಾರದಂತಿರುತ್ತದೆ, ಮಿಶ್ರಣವನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ತಡ ಮಾಡಿದರೆ ಅಕ್ಕಪಕ್ಕದ ಸಸಿಗಳ ಬೇರುಗಳು ಹೆಣೆದುಕೊಂಡಿರುತ್ತವೆ. ಬಿಡಿಸುವಾಗ ಎರಡೂ ಕಡೆ ಹರಿಯುತ್ತವೆ.

ಈಗ ಒಂದು ಸಸಿಯನ್ನು ಎತ್ತಿ ಹತ್ತಿರದಿಂದ ನೋಡೋಣ. ನಡುವೆ ನೇರ ಕೆಳಗಿಳಿದಿರುವುದು ತಾಯಿಬೇರು. ಪಕ್ಕಕ್ಕೆ ಹೊರಟಿರುವುದು ಕವಲುಬೇರುಗಳು. ತುದಿಗಳು ಬೆಳ್ಳಗೆ, ಸ್ವಲ್ಪ ಹೊಳೆಯುತ್ತಿವೆ. ಬೇರು ಬದುಕಿದೆ, ಬೆಳೆಯುತ್ತಿದೆ ಎನ್ನುವುದಕ್ಕೆ ಇದೇ ಗುರುತು. ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ನಡುವಿನ ಎಳೆ ಮಾತ್ರ ಕೈಯಲ್ಲಿ ಉಳಿಯುವಂತಿದ್ದರೆ ಅದು ಕೊಳೆಯುತ್ತಿದೆ. ಅಂಥ ಸಸಿಯನ್ನು ಎಲೆ ಎಷ್ಟೇ ಹಸಿರಾಗಿ ಕಂಡರೂ ಕಪ್‌ಗೆ ಹಾಕಬೇಡಿ.

ಇನ್ನೊಂದು ಗಮನಿಸಿ. ತುದಿಗಿಂತ ತುಸು ಮೇಲೆ ಮಿಶ್ರಣದ ಕಣಗಳು ಅಂಟಿಕೊಂಡಿವೆ, ಅಲ್ಲಾಡಿಸಿದರೂ ಬೀಳುತ್ತಿಲ್ಲ. ಅವನ್ನು ಹಿಡಿದಿಟ್ಟಿರುವುದು ಬೇರುರೋಮಗಳು. ಒಂದೊಂದು ರೋಮವೂ ಒಂದೇ ಜೀವಕೋಶದ ಚಾಚು, ಅಷ್ಟು ನವಿರು. ಗಿಡ ನೀರು, ಪೋಷಕಾಂಶ ಹೀರಿಕೊಳ್ಳುವಲ್ಲಿ ಇವುಗಳ ಪಾಲು ದೊಡ್ಡದು. ಸಸಿ ಎತ್ತುವಾಗ ನಾವು ಕಳೆದುಕೊಳ್ಳುವುದು ಇವನ್ನೇ. ತಾಯಿಬೇರು ಪೂರ್ತಿ ಬಂತು, ಒಂದೂ ತುಂಡಾಗಲಿಲ್ಲ ಎಂದು ಸಮಾಧಾನಪಡುತ್ತೇವೆ. ಅಷ್ಟರಲ್ಲಿ ಕಣ್ಣಿಗೆ ಕಾಣದ ಸಾವಿರಾರು ರೋಮಗಳು ಹರಿದಿರುತ್ತವೆ. ಎಲೆಗಳು ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ, ಕೆಳಗಿನಿಂದ ಪೂರೈಕೆ ಕಡಿಮೆಯಾಗುತ್ತದೆ. ನೆಟ್ಟ ದಿನ ಸಸಿ ಬಾಡುವುದು ಈ ಲೆಕ್ಕ ತಪ್ಪಿದ್ದರಿಂದ. ಒಳ್ಳೆಯದೇನೆಂದರೆ, ಬೇರಿನ ತುದಿ ಬೆಳೆಯುತ್ತಿದ್ದರೆ ಹೊಸ ರೋಮಗಳು ಕೆಲವೇ ದಿನಗಳಲ್ಲಿ ಬರುತ್ತವೆ. ಆ ಕೆಲವು ದಿನ ಸಸಿಯನ್ನು ದಾಟಿಸುವುದಷ್ಟೇ ನಮ್ಮ ಕೆಲಸ. ಅದಕ್ಕೇ ಹೇಳುತ್ತೇನೆ, ಬೇರಿಗೆ ಅಂಟಿದ ಮಿಶ್ರಣವನ್ನು ಕೊಡವಬೇಡಿ, ತೊಳೆಯಲಂತೂ ಬೇಡಿ.

ಇಷ್ಟು ಕಷ್ಟವಿದ್ದರೆ ನೇರವಾಗಿ ಕಪ್‌ನಲ್ಲೇ ಏಕೆ ಬಿತ್ತಬಾರದು ಎಂದು ಈಗಷ್ಟೇ ಒಬ್ಬರು ಕೇಳಿದರು. ಬಿತ್ತಬಹುದು. ನಿಮಗೆ ಬೇಕಾಗಿರುವುದು ಏಳೆಂಟು ಗಿಡವಾದರೆ ನಾನೂ ಅದನ್ನೇ ಹೇಳುತ್ತೇನೆ: ಕಪ್‌ಗೆ ಎರಡು ಬೀಜ ಹಾಕಿ, ಎರಡೂ ಬಂದರೆ ಬಡವಾದದ್ದನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಗಿಡಗಳು ಹೆಚ್ಚಾದಾಗ, ಬೀಜ ಹಳೆಯದಾಗಿ ಮೊಳಕೆಯ ಭರವಸೆ ಇಲ್ಲದಿದ್ದಾಗ ಟ್ರೇ ಒಳ್ಳೆಯದು. ಸಣ್ಣ ಜಾಗವನ್ನು ಬೆಚ್ಚಗಿಡುವುದು ಸುಲಭ, ಬಂದ ಸಸಿಗಳಲ್ಲಿ ಗಟ್ಟಿಮುಟ್ಟಾದವನ್ನು ಆರಿಸಿಕೊಳ್ಳಬಹುದು.

ಇನ್ನು ಮಿಶ್ರಣ. ತೋಟದ ಮಣ್ಣನ್ನೇ ಕಪ್‌ಗೆ ತುಂಬುವವರಿದ್ದಾರೆ. ನೆಲದಲ್ಲಿ ಆ ಮಣ್ಣು ಚೆನ್ನಾಗಿರುವುದು ಎರೆಹುಳು ಕೊರೆದ ದಾರಿ, ಹಳೆಯ ಬೇರು ಕೊಳೆತು ಉಳಿದ ಸಂದು, ಕೆಳಗಿನ ಆಳ ಇವೆಲ್ಲ ಇರುವುದರಿಂದ. ಅಗೆದು ಪುಡಿ ಮಾಡಿ ಕಪ್‌ಗೆ ತುಂಬಿ ನಾಲ್ಕು ಸಲ ನೀರು ಹಾಕಿದರೆ ಅದೇ ಮಣ್ಣು ಇಟ್ಟಿಗೆಯಂತೆ ಕೂರುತ್ತದೆ. ನಾನು ಹೇಳುವ ಮಿಶ್ರಣ ಸರಳ: ಎರಡು ಪಾಲು ಕೊಕೊಪೀಟ್, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಒಂದು ಪಾಲು ಪರ್ಲೈಟ್, ಅಂದರೆ ಕಾಯಿಸಿ ಅರಳಿಸಿದ ಹಗುರವಾದ ಬಿಳಿ ಕಲ್ಲಿನ ಕಣ. ಪರ್ಲೈಟ್ ಇಲ್ಲದಿದ್ದರೆ ದಪ್ಪ ಕಣದ ತೊಳೆದ ಮರಳು. ಸಣ್ಣ ಕಣದ ಮರಳು ಬೇಡ, ಅದು ಸಂದುಗಳನ್ನು ತುಂಬಿಬಿಡುತ್ತದೆ. ಪೂರ್ತಿ ಕಳಿಯದ ಸಗಣಿ ಗೊಬ್ಬರವಂತೂ ಹತ್ತಿರವೂ ಬರಬಾರದು.

ಕೊಕೊಪೀಟ್ ಬಗ್ಗೆ ಸ್ವಲ್ಪ ನಿಲ್ಲಬೇಕು. ತೆಂಗಿನ ನಾರಿನ ಈ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಇರುತ್ತವೆ. ಚೆನ್ನಾಗಿ ತೊಳೆದು ಬಂದ ಸರಕಾದರೆ ಕಡಿಮೆ, ಅಗ್ಗದ್ದಾದರೆ ಬಹಳ. ಹಾಗಾಗಿ ಇಟ್ಟಿಗೆಯಾಗಿ ಒತ್ತಿ ಮಾರುವ ಕೊಕೊಪೀಟ್ ನೆನೆದು ಅರಳಿದ ಮೇಲೆ ಹಿಂಡಿ, ಹೊಸ ನೀರು ಹಾಕಿ, ಮತ್ತೆ ಹಿಂಡಿ. ಕಾಫಿ ಬಣ್ಣದ ನೀರು ತಿಳಿಯಾಗುವವರೆಗೆ ಇದನ್ನು ಮಾಡುವುದು ವಾಡಿಕೆ. ಆದರೆ ಬಣ್ಣ ಹೋಯಿತೆಂದರೆ ಕೆಲಸ ಮುಗಿಯಲಿಲ್ಲ. ನಾರಿನ ಕಣಗಳ ಮೈಮೇಲೆ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂ ಬರೀ ನೀರಿಗೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಮುಂದೆ ನಾವು ಸಸಿಗೆಂದು ಕೊಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಕೊಕೊಪೀಟ್ ತಾನೇ ಹಿಡಿದಿಟ್ಟುಕೊಂಡು, ಅದರ ಬದಲಿಗೆ ಇವನ್ನು ಹೊರಗೆ ಬಿಡುತ್ತದೆ. ಸಸಿಯ ಪಾಲು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟು, ಬೆಳಗ್ಗೆ ಆ ನೀರು ಬಸಿದು, ಒಂದು ಸಲ ತೊಳೆದು ಬಳಸಿದರೆ ಈ ತೊಂದರೆ ತಪ್ಪುತ್ತದೆ.

ಮಿಶ್ರಣವನ್ನು ಕಪ್‌ಗೆ ತುಂಬುವ ಮೊದಲೇ ಹದ ಮಾಡಿಕೊಳ್ಳಿ. ಒಂದು ಹಿಡಿ ತೆಗೆದು ಅಮುಕಿ. ಉಂಡೆ ಕಟ್ಟಬೇಕು, ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಿಸಿದರೆ ಸಾಕು, ಹೆಬ್ಬೆರಳು ತಾಗಿಸಿದರೆ ಉಂಡೆ ಒಡೆಯಬೇಕು. ಒಣ ಕೊಕೊಪೀಟ್ ತುಂಬಿ ಮೇಲಿನಿಂದ ನೀರು ಸುರಿದರೆ ನೀರು ಬದಿಯಿಂದ ಜಾರಿಹೋಗುತ್ತದೆ, ನಡುವೆ ಒಣಗಿಯೇ ಉಳಿಯುತ್ತದೆ. ಕಪ್‌ಗೆ ತುಂಬಿದ ಮೇಲೆ ಬೆರಳಿಂದ ಒತ್ತಬೇಡಿ. ಕಪ್ಪನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದರೆ ಸಾಕು.

ಈಗ ಈ ಸ್ಪಂಜನ್ನು ನೋಡಿ. ಪಾತ್ರೆ ತೊಳೆಯುವ ಸಾಮಾನ್ಯ ಸ್ಪಂಜು. ಬಕೆಟ್‌ನಲ್ಲಿ ಮುಳುಗಿಸಿ ಎತ್ತಿದ್ದೇನೆ, ಅಂಗೈ ಮೇಲೆ ಮಲಗಿಸಿದಂತೆ ಹಿಡಿದಿದ್ದೇನೆ. ನೀರು ಸುರಿಯಿತು, ಹನಿಯಿತು, ಈಗ ನಿಂತಿದೆ. ಇನ್ನು ನೀರಿಲ್ಲ ಎಂದುಕೊಳ್ಳುತ್ತೀರಿ. ಹಿಂಡುವುದಿಲ್ಲ, ಏನೂ ಮಾಡುವುದಿಲ್ಲ, ಸುಮ್ಮನೆ ಉದ್ದಕ್ಕೆ ನಿಲ್ಲಿಸುತ್ತೇನೆ. ನೋಡಿ, ಮತ್ತೆ ಸುರಿಯುತ್ತಿದೆ. ಸ್ಪಂಜು ಅದೇ, ನೀರು ಅದೇ, ಎತ್ತರ ಮಾತ್ರ ಬದಲಾಯಿತು.

ಕಪ್‌ನೊಳಗೂ ಇದೇ ನಡೆಯುತ್ತದೆ. ತೂತಿದ್ದರೂ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ತುಂಬಿಕೊಂಡೇ ಇರುತ್ತದೆ. ಕಣಗಳ ಸಂದು ಅದನ್ನು ಹಿಡಿದಿಟ್ಟಿರುತ್ತದೆ, ಅದರ ಮೇಲೆ ಒತ್ತುವಷ್ಟು ಎತ್ತರದ ನೀರಿಲ್ಲದೆ ಅದು ಹೊರಗೆ ಬರುವುದಿಲ್ಲ. ಒಂದೇ ಮಿಶ್ರಣವನ್ನು ಬಳಸಿದರೆ ಆ ನೀರಿನ ಪದರದ ಎತ್ತರ ಕುಳ್ಳ ಕಪ್‌ನಲ್ಲೂ ಎತ್ತರದ ಕಪ್‌ನಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ 4 ಸೆಂಟಿಮೀಟರ್ ಎತ್ತರದ ಕಪ್‌ನಲ್ಲಿ ಬೇರಿನ ಜಾಗದ ಅರ್ಧಕ್ಕರ್ಧ ನೀರಾಗಿರಬಹುದು, 9 ಸೆಂಟಿಮೀಟರಿನದರಲ್ಲಿ ಕಾಲುಭಾಗ ಮಾತ್ರ. ಈ ಅರ್ಧ ಕಾಲುಭಾಗದ ಲೆಕ್ಕ ಮಿಶ್ರಣದ ಮೇಲೆ ಹೋಗುತ್ತದೆ, ಆದರೆ ದಿಕ್ಕು ಬದಲಾಗುವುದಿಲ್ಲ: ಕುಳ್ಳ ಪಾತ್ರೆ ಹೆಚ್ಚು ಜೌಗು. ಇದು ಅಷ್ಟು ಮುಖ್ಯ ಏಕೆಂದರೆ ನೀರಿನೊಳಗೆ ಆಮ್ಲಜನಕ ಹರಡುವುದು ಗಾಳಿಯಲ್ಲಿಗಿಂತ ಸುಮಾರು 10,000 ಪಟ್ಟು ನಿಧಾನ. ಸಂದುಗಳೆಲ್ಲ ನೀರು ತುಂಬಿ ಮುಚ್ಚಿದ ಕಡೆ ಬೇರಿಗೆ ಉಸಿರಿಲ್ಲ.

ತಳದಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎನ್ನುವ ನಂಬಿಕೆ ಎಲ್ಲೆಡೆ ಇದೆ. ಸ್ಪಂಜನ್ನು ನೆನಪಿಟ್ಟುಕೊಂಡು ಯೋಚಿಸಿ. ಸಣ್ಣ ಸಂದಿನಲ್ಲಿರುವ ನೀರು ಕೆಳಗಿನ ದೊಡ್ಡ ಸಂದಿಗೆ ಸುಲಭಕ್ಕೆ ಇಳಿಯುವುದಿಲ್ಲ. ಜೌಗು ಪದರ ಜಲ್ಲಿಯ ಮೇಲಕ್ಕೆ ಸರಿದು ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ಜಲ್ಲಿ ಬೇಡವೇ ಬೇಡ. ತಳದಲ್ಲಿ ನಾಲ್ಕೈದು ತೂತು, ಮೇಲಿನಿಂದ ಕೆಳಗಿನವರೆಗೆ ಒಂದೇ ಮಿಶ್ರಣ, ಅಷ್ಟು ಸಾಕು.

ಅಳತೆಗೆ ಬಂದರೆ, ಬಾಯಿ 7–8 ಸೆಂಟಿಮೀಟರ್, ಎತ್ತರ 8–9 ಸೆಂಟಿಮೀಟರ್ ಇರುವ ಕಪ್ ನನ್ನ ಆಯ್ಕೆ. ಹೇಗೂ ಮುಂದೆ ದೊಡ್ಡ ಕುಂಡಕ್ಕೆ ಹೋಗುವ ಗಿಡ, ಈಗಲೇ ಅದರಲ್ಲಿ ಹಾಕಿದರೆ ಒಂದು ಕೆಲಸ ಉಳಿಯಿತಲ್ಲ ಎನ್ನಿಸಬಹುದು. ಎರಡು ಇಂಚಿನ ಬೇರು ಹತ್ತು ಲೀಟರ್ ಹಸಿ ಮಿಶ್ರಣವನ್ನು ಕುಡಿದು ಮುಗಿಸಲಾರದು. ಬೇರಿರುವ ಕಡೆ ಒಣಗಿದರೂ ಇಲ್ಲದ ಕಡೆ ವಾರಗಟ್ಟಲೆ ಹಸಿಯಾಗೇ ಇರುತ್ತದೆ, ಅದು ಹುಳಿಯುತ್ತದೆ. ಸಣ್ಣ ಕಪ್ ಬೇಗ ಒಣಗುತ್ತದೆ, ಒಣಗುವಾಗ ಮೇಲಿನಿಂದ ಹೊಸ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಬೇರಿಗೆ ಬೇಕಾಗಿರುವುದೇ ಆ ಏರಿಳಿತ.

ಪಾರದರ್ಶಕ ಕಪ್ ಬಳಸಿದರೆ ಬೇರು ಎಲ್ಲಿಗೆ ಬಂತೆಂದು ಕಾಣುತ್ತದೆ, ಕಲಿಯುವವರಿಗೆ ಬಹಳ ಒಳ್ಳೆಯದು. ಆದರೆ ಬೆಳಕು ಬಿದ್ದ ಕಡೆ ಪಾಚಿ ಕಟ್ಟುತ್ತದೆ. ಅದನ್ನು ಬಣ್ಣದ ಇನ್ನೊಂದು ಕಪ್‌ನೊಳಗೆ ಇಳಿಸಿಡಿ, ನೋಡಬೇಕೆನಿಸಿದಾಗ ಎತ್ತಿ ನೋಡಿ. ಹೊರಗಿನ ಕಪ್‌ಗೂ ತೂತಿರಲಿ. ಕಾಗದದ ಅಥವಾ ಪೀಟ್‌ನ ಕುಂಡಗಳನ್ನು ಹಾಗೇ ನೆಲಕ್ಕೆ ನೆಡುವವರು ಅಂಚನ್ನು ಮಣ್ಣಿನ ಮೇಲೆ ಬಿಡಬಾರದು. ಹೊರಗುಳಿದ ಅಂಚು ದೀಪದ ಬತ್ತಿ ಎಣ್ಣೆಯನ್ನೆಳೆಯುವಂತೆ ಬೇರಿನ ಸುತ್ತಲಿನ ನೀರನ್ನು ಮೇಲೆಳೆದು ಆವಿಯಾಗಿಸುತ್ತದೆ.

ಹಳೆಯ ಕಪ್‌ಗಳಾದರೆ ಸೋಪಿನಲ್ಲಿ ತೊಳೆದು, ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಹತ್ತು ನಿಮಿಷ ಮುಳುಗಿಸಿಟ್ಟು, ತೊಳೆದು ಒಣಗಿಸಿ. ಕೈ ತೊಳೆಯುವುದನ್ನೂ ಮರೆಯಬೇಡಿ, ಅದರಲ್ಲೂ ತಂಬಾಕು ಮುಟ್ಟುವವರು. ತಂಬಾಕೂ ಮೆಣಸಿನಕಾಯಿಯೂ ಒಂದೇ ಸಸ್ಯಕುಟುಂಬದವು. ತಂಬಾಕಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ, ಬೆರಳಿನಿಂದ ಸಸಿಗೆ ದಾಟುತ್ತದೆ. ಜಗತ್ತಿನಲ್ಲಿ ಮೊಟ್ಟಮೊದಲು ಗುರುತಿಸಿದ ವೈರಸ್ಸೇ ಇದು. 1892ರಲ್ಲಿ ರಷ್ಯದ ವಿಜ್ಞಾನಿ ದ್ಮಿತ್ರಿ ಇವನೋವ್ಸ್ಕಿ ಬ್ಯಾಕ್ಟೀರಿಯಾ ದಾಟಲಾರದ ಸೋಸುಕದ ಮೂಲಕ ರೋಗದ ಎಲೆಯ ರಸವನ್ನು ಹಾಯಿಸಿದರೂ ರೋಗ ಹರಡುವ ಗುಣ ಉಳಿದಿತ್ತು. 1898ರಲ್ಲಿ ಡಚ್ ವಿಜ್ಞಾನಿ ಮಾರ್ಟಿನಸ್ ಬೈಯರಿಂಕ್ ಇದು ಬೇರೆಯೇ ಬಗೆಯ ರೋಗಕಾರಕ ಎಂದು ವಾದಿಸಿದರು. ಅಷ್ಟು ಹಳೆಯ ಪರಿಚಯದ ಶತ್ರುವಿಗೆ ಇಂದಿಗೂ ಔಷಧ ಇಲ್ಲ. ಸೋಪು, ನೀರೇ ನಮ್ಮ ಅಸ್ತ್ರ.

ಈಗ ಆ ಒಂದು ನಿಮಿಷ. ಸಸಿ ಎತ್ತುವ ಎರಡು ಮೂರು ಗಂಟೆ ಮೊದಲು ಟ್ರೇಗೆ ನೀರು ಕೊಟ್ಟಿರಿ. ಸಸಿ ಹೊಟ್ಟೆ ತುಂಬ ನೀರು ಕುಡಿದಿರಬೇಕು, ಮಿಶ್ರಣ ಮಾತ್ರ ರಾಡಿಯಾಗಿರಬಾರದು. ಕಪ್ ನಡುವೆ ಪೆನ್ಸಿಲ್ ಗಾತ್ರದ ಕಡ್ಡಿಯಿಂದ ಬೇರಿನ ಉದ್ದಕ್ಕಿಂತ ತುಸು ಆಳದ ಗುಂಡಿ ಮಾಡಿಟ್ಟುಕೊಳ್ಳಿ. ಗುಂಡಿ ಮಾಡಿದ ಮೇಲೆಯೇ ಸಸಿ ಎತ್ತಿ, ಎತ್ತಿಟ್ಟುಕೊಂಡು ಗುಂಡಿ ಮಾಡುತ್ತ ಕೂರಬೇಡಿ. ಒಂದು ಸಲಕ್ಕೆ ಒಂದೇ ಸಸಿ. ಟೀ ಚಮಚದ ಹಿಡಿಯನ್ನು ಸಸಿಯಿಂದ ಸ್ವಲ್ಪ ದೂರಕ್ಕೆ, ಟ್ರೇಯ ತಳ ಮುಟ್ಟುವವರೆಗೆ ಇಳಿಸಿ, ಕೆಳಗಿನಿಂದ ಮೀಟಿ. ಅದೇ ಹೊತ್ತಿಗೆ ಇನ್ನೊಂದು ಕೈಯಲ್ಲಿ ಬೀಜದೆಲೆಯೊಂದನ್ನು ಮೆಲ್ಲಗೆ ಹಿಡಿದುಕೊಂಡಿರಿ.

ಕಾಂಡವನ್ನು ಹಿಡಿಯಬೇಡಿ. ಈ ವಯಸ್ಸಿನ ಕಾಂಡ ಹುಲ್ಲುಕಡ್ಡಿಗಿಂತ ಮೆತ್ತಗಿರುತ್ತದೆ. ಬೆರಳ ನಡುವೆ ತುಸು ಜಜ್ಜಿದರೂ ಒಳಗಿನ ನೀರಿನ ನಾಳಗಳು ಮುರುಟುತ್ತವೆ, ಶಿಲೀಂಧ್ರಕ್ಕೆ ಬಾಗಿಲೂ ತೆರೆಯುತ್ತದೆ. ಎಲೆ ಹರಿದರೆ ಗಿಡ ಇನ್ನೊಂದು ಎಲೆ ಬಿಡುತ್ತದೆ. ಕಾಂಡ ಇರುವುದು ಒಂದೇ.

ಬೇರನ್ನು ಗುಂಡಿಗೆ ಇಳಿಸುವಾಗ ತುದಿ ಕೆಳಮುಖವಾಗಿಯೇ ಇರಬೇಕು. ಅವಸರದಲ್ಲಿ ತುರುಕಿದರೆ ಬೇರು ಕೊಕ್ಕೆಯಂತೆ ಮಡಚಿ ತುದಿ ಮೇಲೆ ನೋಡುತ್ತದೆ. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ, ಗಿಡ ಮಾತ್ರ ತಿಂಗಳಾದರೂ ಏಳುವುದಿಲ್ಲ. ತಾಯಿಬೇರು ಕಪ್‌ಗಿಂತ ಉದ್ದವಿದ್ದರೆ ಮಡಚುವ ಬದಲು ತುದಿಯನ್ನು ಚೂಪು ಕತ್ತರಿಯಿಂದ ಸ್ವಲ್ಪ ಕತ್ತರಿಸಿ. ಕವಲುಬೇರುಗಳು ಹೆಚ್ಚುತ್ತವೆ, ನಷ್ಟವೇನಿಲ್ಲ. ನಾನು ಬಹಳ ಸಲ ಮಾಡುವುದು ಇದು: ಬೇರನ್ನು ಬೇಕಾದ್ದಕ್ಕಿಂತ ತುಸು ಆಳಕ್ಕೆ ಇಳಿಸಿ, ಸುತ್ತ ಮಿಶ್ರಣ ಬೀಳಿಸಿ, ಆಮೇಲೆ ಸಸಿಯನ್ನು ಕೂದಲೆಳೆಯಷ್ಟು ಮೇಲಕ್ಕೆಳೆಯುತ್ತೇನೆ. ಬೇರು ತಾನಾಗಿ ನೇರವಾಗುತ್ತದೆ.

ಎಷ್ಟು ಆಳ? ಟೊಮೆಟೊ ಬೆಳೆದವರು ಇಲ್ಲಿ ಎಡವುತ್ತಾರೆ. ಟೊಮೆಟೊ ಕಾಂಡವನ್ನು ಹೂತಷ್ಟೂ ಅದರ ಮೈಯಿಂದ ಹೊಸ ಬೇರು ಬರುತ್ತದೆ. ಮೆಣಸಿನ ಕಾಂಡಕ್ಕೆ ಆ ಚುರುಕಿಲ್ಲ. ಬಂದರೂ ನಾಲ್ಕೆಳೆ, ಅದೂ ನಿಧಾನಕ್ಕೆ. ಟ್ರೇಯಲ್ಲಿ ಎಷ್ಟು ಆಳವಿತ್ತೋ ಅಷ್ಟೇ, ಅಥವಾ ಸ್ವಲ್ಪ ಹೆಚ್ಚು. ಬೆಳಕು ಸಾಲದೆ ನೀಳವಾಗಿ ಎದ್ದ ಸಸಿಯಾದರೆ ಬೀಜದೆಲೆಯ ಕೆಳಗಿನವರೆಗೆ ಹೂಳಬಹುದು, ಅದಕ್ಕಿಂತ ಮೇಲೆ ಬೇಡ. ಬೀಜದೆಲೆ ಹಸಿ ಮಿಶ್ರಣಕ್ಕೆ ತಾಗಿ ಕೊಳೆಯಲು ಶುರುವಾದರೆ ಕೊಳೆ ಅಲ್ಲಿಂದ ಕಾಂಡಕ್ಕೆ ಇಳಿಯುತ್ತದೆ.

ಒಂದೇ ಕುಳಿಯಲ್ಲಿ ಎರಡು ಸಸಿ ಬಂದಿದ್ದರೆ ಏನು ಮಾಡುವುದೆಂದು ಚೀಟಿ ಬಂದಿದೆ. ಬೀಜ ಅಪರೂಪದ್ದಾದರೆ ಬೇಗನೆ, ನಿಜವಾದ ಎಲೆ ಪುಟ್ಟದಿರುವಾಗಲೇ, ಹೆಂಟೆಯನ್ನು ನೀರಿನಲ್ಲಿ ಅದ್ದಿ ಬೇರು ತಾವಾಗಿ ಬಿಡಿಸಿಕೊಳ್ಳಲು ಬಿಡಿ. ತೊಳೆಯಬೇಡಿ ಎಂದೆನಲ್ಲ, ಇದೊಂದೇ ವಿನಾಯಿತಿ. ಎಳೆದು ಬಿಡಿಸುವುದಕ್ಕಿಂತ ಇದರಲ್ಲಿ ಹಾನಿ ಕಡಿಮೆ. ಬೀಜ ಬೇಕಾದಷ್ಟು ಇದ್ದರೆ ಒಂದನ್ನು ಕತ್ತರಿಸಿಬಿಡಿ. ಮನಸ್ಸು ಒಪ್ಪುವುದಿಲ್ಲ ಎಂದು ಗೊತ್ತು, ಆದರೆ ಉಳಿದದ್ದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ನೆಟ್ಟ ಕೂಡಲೇ ಒಂದು ಸಲ ಚೆನ್ನಾಗಿ ನೀರು. ಸಣ್ಣ ತೂತಿನ ಝಾರಿಯಿಂದ, ಬುಡದ ಸುತ್ತ, ತಳದ ತೂತಿನಲ್ಲಿ ಇಳಿಯುವವರೆಗೆ. ಮಿಶ್ರಣ ಬೇರಿಗೆ ಅಂಟಿಕೊಳ್ಳುವುದು ಈ ನೀರಿನಿಂದ, ನಮ್ಮ ಬೆರಳ ಒತ್ತಡದಿಂದ ಅಲ್ಲ. ಆಮೇಲೆ ಎರಡು ಮೂರು ದಿನ ನೇರ ಬಿಸಿಲು ಬೇಡ. ಕತ್ತಲೆಯೂ ಬೇಡ, ನೆರಳು ಪರದೆಯ ಕೆಳಗಿನ ಬೆಳಕು ಸರಿಯಾಗುತ್ತದೆ.

ಮೆಣಸಿನ ಗಿಡಕ್ಕೆ ಬಾಲ್ಯದ ನೆರಳು ಹೊಸದೇನಲ್ಲ ಎನ್ನುವುದಕ್ಕೆ ಒಂದು ಕಥೆಯಿದೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳುತ್ತೇನೆ. ಅಮೆರಿಕದ ಅರಿಝೋನಾ ಮತ್ತು ಅದಕ್ಕೆ ಅಂಟಿಕೊಂಡ ಮೆಕ್ಸಿಕೊದ ಒಣನಾಡಿನಲ್ಲಿ ಚಿಲ್ಟೆಪಿನ್ ಎನ್ನುವ ಕಾಡುಮೆಣಸಿನಕಾಯಿ ಇದೆ, ಬಟಾಣಿಗಿಂತ ಚಿಕ್ಕ ಹಣ್ಣು. ಅದರ ಖಾರ ಇಲಿಯಂಥ ಸಸ್ತನಿಗಳನ್ನು ದೂರ ಇಡುತ್ತದೆ, ಹಕ್ಕಿಗಳಿಗೆ ಆ ಉರಿ ತಿಳಿಯುವುದೇ ಇಲ್ಲ. ಇಲಿ ತಿಂದರೆ ಬೀಜ ಹಾಳು, ಹಕ್ಕಿ ತಿಂದರೆ ಬೀಜ ಕೆಡದೆ ಹೊರಬರುತ್ತದೆ. ಇದನ್ನು 2001ರಲ್ಲಿ ಸಂಶೋಧಕರಾದ ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ ಪ್ರಕಟಿಸಿದರು. ಹಣ್ಣು ತಿಂದ ಹಕ್ಕಿ ಕೂರುವುದು ಪೊದೆಯ ಮೇಲೆ, ಬೀಜ ಬೀಳುವುದು ಪೊದೆಯ ಬುಡಕ್ಕೆ. ಹಾಗಾಗಿ ಕಾಡಿನ ಮೆಣಸಿನ ಸಸಿ ಬೆಳೆಯುವುದು ಬೇರೆ ಗಿಡದ ಚದುರಿದ ನೆರಳಿನಲ್ಲಿ. ಬೇರು ಹರಿದ ಸಸಿಗೆ ಎರಡು ದಿನದ ನೆರಳು ಕೊಟ್ಟರೆ ಅದರ ಸ್ವಭಾವಕ್ಕೆ ಒಗ್ಗದ್ದೇನನ್ನೂ ಕೊಟ್ಟಂತಲ್ಲ.

ಕಪ್‌ಗಳ ಕಡೆ ಬರೋಣ. ನೆಟ್ಟ ದಿನ ಎಲೆ ತುಸು ಜೋತರೆ ಗಾಬರಿ ಬೇಡ. ಸಂಜೆಗೋ ಮರುದಿನ ಬೆಳಗ್ಗೆಗೋ ಎದ್ದು ನಿಂತರೆ ಎಲ್ಲ ಸರಿಯಾಗಿದೆ. ನಾಲ್ಕನೆಯ ದಿನ, ಐದನೆಯ ದಿನವೂ ಜೋತೇ ಇದ್ದರೆ ನೀರು ಹಾಕುವ ಮೊದಲು ಕಪ್ಪನ್ನು ಕೈಯಲ್ಲಿ ಎತ್ತಿ ನೋಡಿ. ಬಾಡುವುದು ಎರಡು ಬಗೆ. ಕಪ್ ಹಗುರವಾಗಿ ಎಲೆ ಬಾಡಿದ್ದರೆ ನೀರು ಬೇಕು, ಕೊಟ್ಟ ಒಂದೆರಡು ಗಂಟೆಯಲ್ಲಿ ಏಳುತ್ತದೆ. ಕಪ್ ಭಾರವಾಗಿದ್ದೂ ಎಲೆ ಬಾಡಿದ್ದರೆ ಬೇರಿಗೆ ಗಾಳಿಯಿಲ್ಲ, ಸುತ್ತ ನೀರಿದ್ದರೂ ಹೀರಲಾಗುತ್ತಿಲ್ಲ. ಎರಡೂ ಎಲೆಯ ಮೇಲೆ ಒಂದೇ ಥರ ಕಾಣುತ್ತವೆ. ಎಲೆ ನೋಡಿ ನೀರು ಹಾಕುವವರ ಕೈಯಲ್ಲಿ ಎರಡನೆಯ ಬಗೆಯ ಸಸಿಗಳು ಸಾಯುತ್ತವೆ. ನಾನು ನಿಮ್ಮಲ್ಲಿ ಬೇಡುವುದು ಇದನ್ನೇ: ಇವತ್ತಿನದರಲ್ಲಿ ಬೇರೆಲ್ಲ ಬಿಟ್ಟರೂ ಕಪ್ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀರು ಹಾಕಿದ ಕೂಡಲೇ ಒಂದು ಸಲ, ಒಣಗಿದಾಗ ಒಂದು ಸಲ ಎತ್ತಿದರೆ ಕೈಗೆ ಆ ಎರಡು ತೂಕ ಗೊತ್ತಾಗುತ್ತದೆ. ಆಮೇಲೆ ಯಾವ ಮೀಟರೂ ಬೇಡ.

ಬುಡ ಹಸಿಯಾಗೇ ಇದ್ದು, ತಂಪಿದ್ದು, ಗಾಳಿಯಾಡದಿದ್ದರೆ ಬರುವುದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಕಾರಕಗಳ ಕೆಲಸ. ನಿನ್ನೆ ನೆಟ್ಟಗಿದ್ದ ಸಸಿ ಮಣ್ಣಿನ ಮಟ್ಟದಲ್ಲಿ ನೀರು ತುಂಬಿದಂತಾಗಿ, ಕಾಂಡ ದಾರದಷ್ಟು ತೆಳ್ಳಗಾಗಿ, ಅಡ್ಡ ಬೀಳುತ್ತದೆ. ಬಿದ್ದದ್ದನ್ನು ಉಳಿಸಲಾಗದು, ಕಪ್ ಸಮೇತ ಆಚೆ ಹಾಕಿ. ಉಳಿದವಕ್ಕೆ ಬೆಳಗಿನ ಹೊತ್ತು ಮಾತ್ರ ನೀರು ಕೊಡಿ, ಕಪ್‌ಗಳ ನಡುವೆ ಅಂತರ ಬಿಡಿ, ಮೇಲ್ಪದರ ಒಣಗಲು ಬಿಡಿ. ತಟ್ಟೆಯಲ್ಲಿ ನೀರಿಟ್ಟು ತಳದಿಂದ ಹೀರಿಸುವವರು ಅರ್ಧ ಗಂಟೆಯಾದ ಮೇಲೆ ಉಳಿದ ನೀರನ್ನು ಚೆಲ್ಲಬೇಕು.

ಬೇರು ಹಿಡಿದ ಮೇಲೆ ಬೆಳಕು ಹೆಚ್ಚಬೇಕು. ಮನೆಯೊಳಗೆ ದೀಪದಡಿ ಬೆಳೆಸುವವರು ದಿನಕ್ಕೆ 14ರಿಂದ 16 ಗಂಟೆ ಕೊಡಿ. ಹಗಲು 21ರಿಂದ 27 ಡಿಗ್ರಿ, ರಾತ್ರಿ 16ಕ್ಕಿಂತ ಇಳಿಯದಂತಿದ್ದರೆ ಸಸಿ ಗಿಡ್ಡವಾಗಿ ದಪ್ಪ ಕಾಂಡದೊಂದಿಗೆ ಬರುತ್ತದೆ. 10 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಅದು ಸಹಿಸದು.

ಗೊಬ್ಬರಕ್ಕೆ ಅವಸರ ಮಾಡಬೇಡಿ. ಹರಿದ ಬೇರಿನ ಸುತ್ತ ಲವಣ ಹೆಚ್ಚಿದರೆ ನೀರು ಹೀರುವುದು ಇನ್ನೂ ಕಷ್ಟ. ಹೊಸ ಎಲೆ ಕಾಣಿಸಿಕೊಂಡ ಮೇಲೆ, ಅಂದರೆ ಸುಮಾರು ಒಂದು ವಾರ ಹತ್ತು ದಿನ ಬಿಟ್ಟು, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇಕಡಾ 19ರಷ್ಟಿರುವ 19:19:19 ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಂತೆ ವಾರಕ್ಕೊಮ್ಮೆ ಕೊಡಿ. ಅದರಲ್ಲಿ ಸುಮಾರು 95 ಮಿಲಿಗ್ರಾಂ ಸಾರಜನಕ ಇರುತ್ತದೆ, ಎಳೆ ಸಸಿಗೆ ಅದು ಧಾರಾಳ. ಎರೆಗೊಬ್ಬರ ಹೆಚ್ಚು ಹಾಕಿದ್ದರೆ ಆ ಅರ್ಧ ಗ್ರಾಂ ಅನ್ನೂ ಅರ್ಧ ಮಾಡಿ. ಬೀಜದೆಲೆ ಬಹಳ ಬೇಗ ಹಳದಿಯಾಗಿ ಉದುರಿದರೆ ಸಾರಜನಕ ಸಾಲದೆಂದು ತಿಳಿಯಬಹುದು, ಆದರೆ ಮೊದಲು ಕಪ್ ಎತ್ತಿ ನೋಡಿ. ಜೌಗಿನಲ್ಲೂ ಎಲೆ ಹಳದಿಯಾಗುತ್ತದೆ.

ಎಲೆ ಮುಟುರಿಕೊಂಡರೆ ಅದು ಬೇರಿನ ತಂಟೆಯಲ್ಲದಿರಬಹುದು. ಎಲೆ ತಿರುಗಿಸಿ ಎಳೆ ಕುಡಿಯ ಅಡಿಭಾಗವನ್ನು ಮಸೂರದಲ್ಲಿ ನೋಡಿ. ರಸ ಹೀರುವ ಪುಟ್ಟ ಕೀಟ ಥ್ರಿಪ್ಸ್, ಮೈಟ್ ನುಸಿ, ಗಿಡಹೇನು ಇವೆಲ್ಲ ಅಲ್ಲೇ ಇರುತ್ತವೆ. ಹತ್ತು ಕಪ್‌ನಲ್ಲಿ ಒಂದರಲ್ಲಿ ಕಂಡಾಗಲೇ ಅದನ್ನು ಬೇರೆ ಇಟ್ಟರೆ ಮುಂದಿನ ಕೆಲಸ ಹಗುರ.

ಕಪ್‌ನಿಂದ ಮುಂದಕ್ಕೆ ಯಾವಾಗ ಎನ್ನುವುದಕ್ಕೂ ಉತ್ತರ ಕೊಡುವುದು ಬೇರು. ಕಪ್ಪನ್ನು ಬೋರಲು ಮಾಡಿ, ಕಾಂಡವನ್ನು ಎರಡು ಬೆರಳ ನಡುವೆ ಬರುವಂತೆ ಅಂಗೈಯಿಂದ ಮಿಶ್ರಣದ ಮೇಲ್ಭಾಗವನ್ನು ಹಿಡಿದು, ತಳವನ್ನು ಮೆಲ್ಲಗೆ ತಟ್ಟಿ. ಹೆಂಟೆ ಪುಡಿಪುಡಿಯಾಗಿ ಉದುರುವಂತಿದ್ದರೆ ಹಾಗೇ ವಾಪಸ್ ಇಡಿ, ಇನ್ನೊಂದು ವಾರ ಕಾಯಿರಿ. ಬಿಳಿ ಬೇರುಗಳು ಹೆಂಟೆಯನ್ನು ಹಿಡಿದಿಟ್ಟು ಒಂದೇ ತುಂಡಾಗಿ ಜಾರಿದರೆ ಸಮಯ ಬಂದಿದೆ. ಬೇರು ತಳದಲ್ಲಿ ಸುತ್ತು ಹಾಕಿ ಚಾಪೆಯಂತಾಗಿದ್ದರೆ ತಡವಾಗಿದೆ. ಆಗ ತಳದ ಸುತ್ತುಗಳನ್ನು ಬೆರಳಿಂದ ಬಿಡಿಸಿ, ಬಿಡದಿದ್ದರೆ ಎರಡು ಮೂರು ಕಡೆ ಉದ್ದಕ್ಕೆ ಸೀಳಿ ನೆಡಿ. ಹಾಗೇ ನೆಟ್ಟರೆ ದೊಡ್ಡ ಕುಂಡದಲ್ಲೂ ಅದು ಆ ಸುತ್ತಿನಲ್ಲೇ ಉಳಿಯುತ್ತದೆ. ಬಯಲಿಗೆ ಹೋಗುವ ಸಸಿಯಾದರೆ ಅದಕ್ಕೆ ಮೊದಲು ಒಂದು ವಾರ ಹತ್ತು ದಿನ ಬಿಸಿಲು, ಗಾಳಿಗೆ ಸ್ವಲ್ಪಸ್ವಲ್ಪವಾಗಿ ಒಡ್ಡಿ. ಮೊದಲ ದಿನ ಬೆಳಗಿನ ಒಂದೆರಡು ಗಂಟೆ ಸಾಕು.

ಕೊನೆಯ ಚೀಟಿ: ಕಪ್‌ನಲ್ಲೇ ಮೊಗ್ಗು ಬಂದಿದೆ, ಸಂತೋಷಪಡಬೇಕೇ? ಮೆಣಸಿನ ಗಿಡದ ಮುಖ್ಯ ಕಾಂಡ ಒಂದಷ್ಟು ಎಲೆ ಬಿಟ್ಟು ಎರಡಾಗಿ ಕವಲೊಡೆಯುತ್ತದೆ, ಮೊದಲ ಮೊಗ್ಗು ಬರುವುದು ಆ ಕವಲಿನ ನಡುವೆ. ಅದು ಕಪ್‌ನಲ್ಲೇ ಬಂತೆಂದರೆ ಸಸಿ ಇಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ದಿನ ಇದ್ದಿದೆ. ಮೊಗ್ಗನ್ನು ಉಗುರಿನಿಂದ ಚಿವುಟಿ ತೆಗೆಯಿರಿ. ಅಲ್ಲೇ ಕಾಯಿ ಕಟ್ಟಲು ಬಿಟ್ಟರೆ ಬೇರಿಗೆ ಹೋಗಬೇಕಾದ ಆಹಾರವೆಲ್ಲ ಆ ಒಂದು ಕಾಯಿಗೆ ಹೋಗುತ್ತದೆ, ಗಿಡ ಅಲ್ಲಿಗೇ ನಿಲ್ಲುತ್ತದೆ. ಚಿವುಟಿದ ದಿನವೇ ದೊಡ್ಡ ಕುಂಡಕ್ಕೆ ಬದಲಿಸಿ. ಈ ಸಲ ಹೆಂಟೆ ಒಡೆಯದೆ ಬರುವುದರಿಂದ ರೋಮಗಳಿಗೆ ಹೆಚ್ಚು ಹಾನಿಯಿಲ್ಲ, ನೆರಳಿನಲ್ಲಿಡುವ ಅಗತ್ಯವೂ ಬೀಳುವುದಿಲ್ಲ.